ಎಡಗೈಯ ರೊಟ್ಟಿ

ಕುರ್ಬೋನ್ ಎಡಗೈಯಲ್ಲಿ ನೀಡಿದ ರೊಟ್ಟಿಯ ಚೂರನ್ನು ಅತಿಥಿ ಹೆಂಗಸು ಮುಟ್ಟಲಿಲ್ಲ. ಪಾಮಿರ್ ಬೆಟ್ಟ ನೋಡಲು ಬಂದವಳು ತಲೆಗೆ ಅಚ್ಚುಕಟ್ಟಾಗಿ ವಸ್ತ್ರ ಸುತ್ತಿಕೊಂಡಿದ್ದಳು.

"ಮುಸ್ಲಿಮರ ಮನೇಲಿ ಎಡಗೈಯಿಂದ ಕೊಟ್ಟಿದ್ದು ತಗೋಬಾರ್ದು ಅಂತ ಇವರ ಪ್ರವಾಸದ ಪುಸ್ತಕದಲ್ಲಿದೆಯಂತೆ, ಅಕ್ಕಾ," ಎಂದ ಗೈಡ್ ಫಿರೂಜ್ ಕುರ್ಬೋನ್‌ನ ಹೆಂಡತಿ ಸವ್ರಿನಿಸೊಗೆ, ತಲೆ ತಗ್ಗಿಸಿ.

ನೆಲಬಾಂಬು ಸಿಡಿದ ಮೇಲೆ ಕುರ್ಬೋನ್ ಅತಿಥಿಗಳೆದುರು ಕೂತದ್ದು ಇದೇ ಮೊದಲು. ಅವನು ರೊಟ್ಟಿ ಕೆಳಗಿಟ್ಟು ಎಡಗೈಯನ್ನೂ ನಿಲುವಂಗಿಯೊಳಗೆ ಅಡಗಿಸಿಕೊಂಡ. ಅದನ್ನು ಕಂಡ ಸವ್ರಿನಿಸೊಗೆ ಮೈಯೆಲ್ಲ ಉರಿಯಿತು. ನಡುಪಟ್ಟಿಗೆ ಸಿಕ್ಕಿಸಿದ್ದ ಅವನ ಅಂಗಿಯ ಬಲತೋಳನ್ನು ಕಿತ್ತೆಳೆದಳು. ಅದರೊಳಗೆ ಕೈಯಿರಲಿಲ್ಲ.

"ಇದಕ್ಕೇನು ಬರೆದಿದೆಯಂತೆ, ಕೇಳೋ ಅವಳನ್ನ!"

ಹೆಂಗಸು ಬಿಳಿಚಿಕೊಂಡು ರೊಟ್ಟಿಗೆ ಕೈಚಾಚಿದಳು. ಸವ್ರಿನಿಸೊ ಅದನ್ನು ಕಸಿದು ಗಂಡನ ಎಡಗೈಗೆ ತುರುಕಿದಳು.

"ನೀವೇ ಕೊಡಿ. ಅವಳು ಇಸ್ಕೊಳ್ಳೋ ತನಕ ಕೈ ಇಳಿಸಿದ್ರೆ ನೋಡಿ!"