ಆಂಗಸ್ ಮೆಕ್‌ಸೌಟ್

"ಹಳೇ ಕಾಲದ ಸ್ಕಾಟ್ಲೆಂಡ್ ಫುಟ್‌ಬಾಲ್ ಪ್ಲೇಯರ್ ಯಾರ ಹೆಸರಾದ್ರೂ ಹೇಳಿ, ಜಾತಕಾನೇ ಬಿಚ್ಚಿಡ್ತೀನಿ," ಎಂದ ಅಶ್ವತ್ಥ.

ವರ್ಲ್ಡ್ ಕಪ್ ಶುರುವಾದಾಗಿನಿಂದ ವಂದನಾಳ ಗಂಡನ ಈ ಸಹೋದ್ಯೋಗಿ ಪ್ರತಿ ಭಾನುವಾರ ಅಮೆರಿಕದ ಓವರ್‌ಲೇಕ್‌ನ ಅವರ ಮನೆಗೆ ಊಟಕ್ಕೆ ಬಂದು ಪಾಠ ಮಾಡಿ ಹೋಗುತ್ತಿದ್ದ. ಅವಳಿಗೆ ಸಾಕಾಗಿತ್ತು. ಬಡಿಸುತ್ತಿದ್ದವಳು ಕೈಯಲ್ಲಿದ್ದ ಸೌಟನ್ನು ನೋಡಿದಳು.

"ಆಂಗಸ್ ಮೆಕ್‌ಸೌಟ್?"

ಗಂಡ ಅಚ್ಯುತನಿಗೆ ನೆತ್ತಿ ಹತ್ತಿತು. ಅಶ್ವತ್ಥ ಮಾತ್ರ ರೆಪ್ಪೆ ಬಡಿಯಲಿಲ್ಲ.

"ಮೆಕ್‌ಸೌಟ್ ಗೊತ್ತಿಲ್ವಾ? ಫಸ್ಟ್ ವರ್ಲ್ಡ್ ವಾರ್‌ಗೆ ಮುಂಚೆ ಆಡ್ತಿದ್ದ. ಲೆಫ್ಟ್ ವಿಂಗ್. ಏನ್ ಸ್ಪೀಡು ಅಂತೀರಾ! ಮಂಡಿ ಹೋಯ್ತು, ಪಾಪ."

ಅಷ್ಟಕ್ಕೇ ಬಿಡದೆ, ಬಿಸಿಬೇಳೆಬಾತಿನ ಆಸೆಗೆ ಬಂದು ಕೂತಿದ್ದ ಎದುರುಮನೆಯ ಟ್ವೀಡಿ ಅವರತ್ತ ತಿರುಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಒಪ್ಪಿಸಿದ. ಟ್ವೀಡಿ ಹುಟ್ಟಾ ಸ್ಕಾಟ್ಲೆಂಡಿನವರು; ತೊಂಬತ್ತು ದಾಟಿದವರು. ತನ್ನ ತುಂಟತನ ಹಿರಿಯರ ಮುಂದೆ ಬಯಲಾಗುತ್ತದಲ್ಲ ಎಂದು ವಂದನಾ ನಾಲಿಗೆ ಕಚ್ಚಿಕೊಂಡಳು.

ಟ್ವೀಡಿ ಚಮಚ ಕೆಳಗಿಟ್ಟರು. "ತಪ್ಪು. ಅವನು ರೈಟ್ ವಿಂಗ್. ವಾರವೆಲ್ಲ ಕಲ್ಲಿದ್ದಲ ಗಣಿ, ಶನಿವಾರ ಆಟ. ಪೆನಾಲ್ಟಿ ಹೊಡೆಯುವ ಮುಂಚೆ ಗೋಲ್‌ಕೀಪರಿಗೆ ಬಗ್ಗಿ ನಮಸ್ಕಾರ ಮಾಡುತ್ತಿದ್ದ. ಆ ಕೀಪರ್ ನಗುವಷ್ಟರಲ್ಲಿ ಚೆಂಡು ಬಲೆಯಲ್ಲಿ! ಮಂಡಿ ಹೋಗಲಿಲ್ಲ. ಯುದ್ಧಕ್ಕೆ ಹೋಗಿ ಬಲಗಾಲು ಕಳೆದುಕೊಂಡು ಬಂದ. ಆಟ ಅಲ್ಲಿಗೆ ಮುಗಿಯಿತು."

"ನೋಡಿದ್ರಾ!" ಅಶ್ವತ್ಥ ಬೀಗಿದ. "ಒಂಚೂರು ಕನ್‌ಫ್ಯೂಸ್ ಆಯ್ತು, ಅಷ್ಟೇ."

ಊಟ ಮುಗಿಸಿ ಹೊರಟ ಟ್ವೀಡಿಯವರನ್ನು ವಂದನಾ ಬಾಗಿಲಲ್ಲಿ ತಡೆದಳು. "ಆ ಹೆಸರು ನಾನೇ ಕಟ್ಟಿದ್ದು. ಅಂಥ ಆಟಗಾರ ನಿಜವಾಗಿಯೂ ಇದ್ದನೇ?"

"ಹೆಸರು ನಿನ್ನದು," ಮುದುಕರು ಕಣ್ಣು ಮಿಟುಕಿಸಿದರು. "ಆಟ ನಮ್ಮಪ್ಪನದು. ರಾಬ್ ಟ್ವೀಡಿ. ಸಣ್ಣ ಊರಿನ ಸಣ್ಣ ತಂಡ. ನನ್ನ ಮಕ್ಕಳೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ."

ಅಷ್ಟರಲ್ಲಿ ಅಶ್ವತ್ಥ ಶೂ ಹುಡುಕುತ್ತ ಬಂದ.

"ಯಾರದು ರಾಬ್ ಟ್ವೀಡಿ?"

"ಫುಟ್‌ಬಾಲ್ ಪ್ಲೇಯರ್. ಹಳೇ ಕಾಲದವರು," ಎಂದಳು ವಂದನಾ.

ಅಶ್ವತ್ಥ ಲೇಸ್ ಕಟ್ಟಿಕೊಳ್ಳುತ್ತಲೇ ನಕ್ಕ. "ನನ್ಹತ್ರಾನೇ ರೈಲು ಬಿಡ್ತೀರಾ? ಆ ಹೆಸರಿನವನು ಇದ್ದಿದ್ರೆ ನಂಗೆ ಗೊತ್ತಿರ್ತಿರ್ಲಿಲ್ವಾ?"