ಇನ್ನೊಂದು ಬ್ಯಾಂಕಿನ ಪಾಸ್‌ಬುಕ್

"ಅಕ್ಕಾ, ನಿಮ್ಮ ಓವರ್‌ಡ್ರಾಫ್ಟ್ ಸಾಲದ ಸೌಲಭ್ಯ ರದ್ದಾಗಿದೆ. ಬಟ್ಟೆ ವ್ಯಾಪಾರಿಗೆ ಕೊಟ್ಟ ಚೆಕ್ಕೂ ವಾಪಸ್ ಬಂದಿದೆ," ಎಂದು ಬ್ಯಾಂಕಿನ ಗಾಜಿನಾಚೆಯಿಂದ ವಾರಗಿತ್ತಿ ಮೆಲ್ಲಗೆ ಹೇಳಿದಾಗ, ದರ್ಜಿ ಅಂಗಡಿಯವಳಿಗೆ ಮೊದಲು ಕಂಡದ್ದು ಅವಳ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿ. ತಿಂಗಳಾದರೆ ಸಂಬಳ! ಮನೆಗೆ ಬಂದವರೆದುರು ಅತ್ತೆ ಹೊಗಳುವುದೂ ಈ ಕಿರಿಸೊಸೆಯನ್ನೇ.

"ಆರು ತಿಂಗಳಿಂದ ನಿಮ್ಮ ಖಾತೆಗೆ ಒಂದು ಪೈಸೆನೂ ಬಿದ್ದಿಲ್ವಲ್ಲಕ್ಕ, ಅದಕ್ಕೇ ನಿಲ್ಲಿಸಿಬಿಟ್ಟಿದಾರೆ." ಬಿದ್ದಿರಲಿಲ್ಲ, ನಿಜ. ವಾರಗಿತ್ತಿ ಈ ಶಾಖೆಗೆ ವರ್ಗವಾಗಿ ಬಂದ ದಿನದಿಂದ ಅಂಗಡಿಯವಳು ತನ್ನ ದುಡ್ಡನ್ನು ಎರಡು ಬೀದಿ ಆಚೆಯ ಬ್ಯಾಂಕಿಗೆ ಕಟ್ಟುತ್ತಿದ್ದಳು. ತನ್ನ ಗಳಿಕೆ ಎಷ್ಟು ಕಡಿಮೆಯೆಂಬುದು ಇವಳ ಕಣ್ಣಿಗೆ ಬೀಳಬಾರದಿತ್ತು, ಅಷ್ಟೇ.

ವಾರಗಿತ್ತಿ ಕಿಂಡಿಯಿಂದ ಒಂದು ಅರ್ಜಿ ತಳ್ಳಿದಳು. "ಎರಡು ಬೀದಿ ಆಚೆ ಹೋಗ್ತೀರಲ್ಲ, ಆ ಬ್ಯಾಂಕಿನ ಪಾಸ್‌ಬುಕ್ ತೋರಿಸಿ ಸಾಕು. ವ್ಯಾಪಾರ ನಡೀತಿದೆ ಅಂತ ಬರೆದು ಇವತ್ತೇ ಮತ್ತೆ ಮಾಡಿಸ್ಕೊಡ್ತೀನಿ." ಆಮೇಲೆ ನಾಚಿಕೊಂಡು ನಕ್ಕಳು. "ನಿಜ ಹೇಳ್ಲಾ? ನೀವು ಆ ದೊಡ್ಡ ಬ್ಯಾಂಕಿಗೆ ಹೋಗೋದು ನೋಡಿ ನನಗೆ ಹೊಟ್ಟೆ ಉರಿದುಹೋಗ್ತಿತ್ತು. ಅಕ್ಕ ಅಷ್ಟು ದುಡೀತಿದಾರೆ, ನಾನು ಕಂಡೋರ ದುಡ್ಡು ಎಣಿಸ್ತಾ ಕೂತಿದೀನಲ್ಲ ಅಂತ."

ಚೀಲದೊಳಗೆ ಪಾಸ್‌ಬುಕ್ ಮುಟ್ಟಿದ್ದ ಬೆರಳುಗಳು ಅಲ್ಲೇ ನಿಂತವು. ನಾಳೆಯೊಳಗೆ ಬಟ್ಟೆ ಬಾರದಿದ್ದರೆ ಶಾಲೆಯ ನಲವತ್ತು ಸಮವಸ್ತ್ರದ ಕೆಲಸ ಬೇರೆಯವರ ಪಾಲಾಗುತ್ತಿತ್ತು. ಅವಳು ಚೀಲದ ಜಿಪ್ ಎಳೆದು, ಅರ್ಜಿಯನ್ನು ಕಿಂಡಿಯಿಂದ ಹಿಂದಕ್ಕೆ ಸರಿಸಿದಳು.

"ಇರಲಿ ಬಿಡಮ್ಮ," ಎಂದಳು. "ಅದೆಲ್ಲ ಈಗ ನನಗೆ ಬೇಕಾಗಲ್ಲ."