ಹೆಪ್ಪು

"ಬಾಯಾರ, ನಿಮ್ಮ ಕಂಪ್ಯೂಟರ್ ಮೂರು ದಿನದಿಂದ ಏನೋ ಹೊರಗ ಕಳಸಾಕತ್ತೈತ್ರಿ. ಹಿಂಗ ಮಂದಿಗೆ ಫೈಲ್ ಹಂಚೂ ಟೊರೆಂಟ್ ಅಂದ್ರ ಕಳವಿನ ಮಾಲು, ಲೈನ್ ತಗದುಬಿಡು ಅಂದಾರ ನಮ್ಮ ಸಾಹೇಬ್ರು," ಎಂದು ಇಂಟರ್‌ನೆಟ್ ಕಂಪನಿಯ ಸಂಗು ಕೇಬಲ್ಲಿಗೆ ಕೈ ಹಾಕಿದ.

"ಕಳವೇನು ಬಂತೋ? ಬೀಸೂಮುಂದ ನಮ್ಮವ್ವ ಹಾಡಿದ್ದದು. ನೆರೆಮನಿಗೆ ಹೆಪ್ಪು ಕೊಟ್ಟ್ಹಂಗ. ತಡಿ, ಯಾರೋ ಇಳಿಸಿಕೊಳ್ಳಿಕ್ಕತ್ತಾರ," ಎಂದರು ಜಲನಗರದ ರಾಧಾಬಾಯಿ.

ಅವ್ವನ ಹಾಡಿನ ಕ್ಯಾಸೆಟ್ಟು ಹಾಳಾದ ಮೇಲೆ ಆ ದನಿ ಉಳಿದಿದ್ದುದು ಈ ಮುದಿ ಯಂತ್ರವೊಂದರಲ್ಲೇ. ತೆರೆಯ ಮೇಲೆ, ಇಳಿದದ್ದು ನೂರಕ್ಕೆ ತೊಂಬತ್ತೇಳು. ಅತ್ತ ಕಾದಿರುವವರು ಯಾರು, ಯಾವ ಊರಿನವರು? ಹೆಸರಿರಲಿಲ್ಲ, ಅಂಕಿಗಳ ಒಂದು ಸಾಲಿತ್ತು, ಅಷ್ಟೆ. ಸಂಗುವೂ ಕೇಬಲ್ ಮರೆತು ಬಾಗಿ ನೋಡಿದ. "ನಮ್ಮೂರು ಘೋಣಸಗಿಯವರಿರಬಹುದೇನ್ರಿ?"

ನೂರಾಯಿತು. ಅತ್ತಲಿನ ಯಂತ್ರವೂ ಈಗ ಹಾಡು ಹಂಚತೊಡಗಿತ್ತು; ಹಂಚುವವರ ಎಣಿಕೆಯಲ್ಲಿದ್ದ ಒಂದು, ಎರಡಾಯಿತು.

ರಾಧಾಬಾಯಿ ತಾವೇ ಕೇಬಲ್ ಕಿತ್ತು ಅವನ ಕೈಗಿಟ್ಟರು. "ಒಯ್ಯಪ್ಪಾ. ಇನ್ನ ನಮ್ಮನ್ಯಾಗ ಮೊಸರು ಮುಗದ್ರ, ಹೆಪ್ಪು ಕೇಳ್ಲಿಕ್ಕೆ ಒಂದು ಮನಿ ಅದ."